ಅತ್ತೆಯ ಗಂಟಲಲ್ಲಿದ್ದ ದನಿ

ನನ್ನ ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗದೆ ನಮ್ಮ ಮನೆಯಲ್ಲೇ ಉಳಿದವಳು. ತಲೆ ಪೂರ್ತಿ ನರೆತು, ಬೆನ್ನು ಬಾಗಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಕಾಲ ಬಂದರೂ ಅವಳ ದನಿಗೆ ಮಾತ್ರ ವಯಸ್ಸಾಗಿರಲಿಲ್ಲ. ಫೋನ್ ಎತ್ತಿ "ಹಲೋ" ಅಂದರೆ ಆ ಕಡೆಯವರು, "ಪುಟ್ಟಿ, ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕೊಡಮ್ಮ" ಅನ್ನುತ್ತಿದ್ದರು. ಅತ್ತೆ ನಗದೆ, "ದೊಡ್ಡೋರು ಸತ್ತು ಎಷ್ಟೋ ಕಾಲ ಆಯ್ತು, ಏನಿದ್ರೂ ನನ್ನ ಹತ್ರಾನೇ ಹೇಳಿ" ಅನ್ನುವಳು. ಆ ಕಡೆಯವರು ಫೋನ್ ಇಟ್ಟುಬಿಡುತ್ತಿದ್ದರು.

ತೆಳ್ಳಗಿನ ದನಿ. ಆಗಷ್ಟೇ ದೊಡ್ಡವಳಾದ ಹುಡುಗಿಯ ದನಿ. 'ಸ' ಬಂದಾಗಲೆಲ್ಲ ಅದರಲ್ಲಿ ಒಂದು ಸಣ್ಣ ಸಿಳ್ಳೆ ಸೇರಿಕೊಳ್ಳುತ್ತಿತ್ತು. ಮುಂದಿನ ಎರಡು ಹಲ್ಲಿನ ನಡುವೆ ಸಂದು ಇರುವವರಿಗೆ ಬರುತ್ತದಲ್ಲ, ಹಾಗೆ. ಆದರೆ ಅತ್ತೆಯ ಹಲ್ಲುಗಳು ಒತ್ತೊತ್ತಾಗಿದ್ದವು. ಅವೆಲ್ಲ ಬಿದ್ದು, ಕಟ್ಟಿಸಿದ ಹಲ್ಲು ಹಾಕಿಕೊಂಡ ಮೇಲೂ ಸಿಳ್ಳೆ ಹಾಗೇ ಇತ್ತು.

ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಕೇಳಿದ್ದೆ. "ಅತ್ತೆ, ನಿನ್ನ ದನಿ ಯಾಕೆ ಹೀಗೆ?"

ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. "ಇದು ನಂದಲ್ಲ ಕಣೇ" ಅಂದಳು. ಪಕ್ಕದ ಮನೆಯಿಂದ ತಂದ ಪಾತ್ರೆಯ ಬಗ್ಗೆ ಹೇಳುವಷ್ಟು ಸಲೀಸಾಗಿ. ಮುಂದೆ ಕೇಳುವ ಧೈರ್ಯ ಬರಲಿಲ್ಲ. ದೊಡ್ಡವಳಾದ ಮೇಲೆ ಅವಳೇ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ಉಳಿದದ್ದನ್ನು ಅಪ್ಪ ಹೇಳಿದರು.

ನಮ್ಮ ಊರಿನ ನದಿ ದಂಡೆಯ ಮೇಲೆ ಒಂದು ಗುಂಡಿ ಕಾರ್ಖಾನೆ ಇತ್ತು. ಅಂಗಿಯ ಗುಂಡಿ. ನದಿಯ ಚಿಪ್ಪನ್ನು ಬಿಲ್ಲೆ ಬಿಲ್ಲೆಯಾಗಿ ಕೊರೆದು, ತೂತು ಹಾಕಿ, ಉಜ್ಜಿ ಹೊಳಪು ಮಾಡಿ, ಬಣ್ಣ ನೋಡಿ ಬೇರೆ ಮಾಡಿ, ಕಾಗದದ ಅಟ್ಟೆಗೆ ಹೊಲಿದು ಕಳಿಸುತ್ತಿದ್ದರು. ಅಲ್ಲಿ ಕೆಲಸಕ್ಕೆ ಸೇರಿದವರನ್ನು ಕಂಡು ಊರಿನವರು, "ಇವಳೂ ಗುಂಡಿಗೆ ಬಿದ್ದಳು" ಅಂತ ನಗುತ್ತಿದ್ದರಂತೆ. ಅತ್ತೆ ಶಾಲೆ ಬಿಟ್ಟ ವರ್ಷವೇ ಆ ಗುಂಡಿಗೆ ಬಿದ್ದಳು. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಮಡಿಕೆಯಲ್ಲೆಲ್ಲ ಚಿಪ್ಪಿನ ಬಿಳಿ ಪುಡಿ. ನನ್ನಪ್ಪನಿಗೆ ಆಗ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಅಕ್ಕನನ್ನು ಕಂಡು ಹೆದರಿ ಅಜ್ಜಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದರಂತೆ.

ಅತ್ತೆಯ ಪಕ್ಕದಲ್ಲಿ ಕೂತು ಗುಂಡಿ ಆರಿಸುತ್ತಿದ್ದವಳನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಸಣ್ಣ ಆಳು, ಕೂತಲ್ಲಿ ಕೂರುತ್ತಿರಲಿಲ್ಲ, ಮೊಣಕಾಲ ತನಕ ಇಳಿಬಿದ್ದ ಜಡೆ. ಅವಳ ತಾಯಿ ಬೀದಿಯ ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. "ಜಡೆಗೆ ಎಣ್ಣೆ ಹಾಕೋದ್ರಲ್ಲೇ ಅರ್ಧ ಸಂಬಳ ಹೋಗುತ್ತೆ, ಅದೇನು ಜಡೆಯೋ ಹಗ್ಗವೋ" ಅಂತ ಗೊಣಗುತ್ತಿದ್ದ ತಾಯಿಯೇ ದಿನಾ ಬೆಳಿಗ್ಗೆ ಅದನ್ನು ಬಾಚಿ ಹೆಣೆಯುತ್ತಿದ್ದಳು. ಗುಬ್ಬಿಯ ಮುಂದಿನ ಹಲ್ಲುಗಳ ನಡುವೆ ಸಂದಿತ್ತು. ಮಾತಾಡಿದರೆ ಸಿಳ್ಳೆ ಬರುತ್ತಿತ್ತು.

ಕಾರ್ಖಾನೆಯ ಯಂತ್ರಗಳ ಮೇಲೆ, ಸೂರಿನ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ಉದ್ದನೆಯ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು. ಅದರಿಂದ ಒಂದೊಂದು ಯಂತ್ರಕ್ಕೂ ತೊಗಲಿನ ಬೆಲ್ಟು ಇಳಿದಿತ್ತು. ಕೆಳಗೆ ಬಿದ್ದ ಗುಂಡಿಗಳನ್ನು ಆರಿಸಬೇಕಾದರೆ ಮೊದಲು ದಂಡ ನಿಲ್ಲಿಸಬೇಕು ಅಂತ ನಿಯಮ. ಆ ದಿನ ಯಾರೋ ದೊಡ್ಡ ಮನುಷ್ಯರು ಕಾರ್ಖಾನೆ ನೋಡಲು ಬರುವವರಿದ್ದರು. ಕೊರೆಯುವ ಯಂತ್ರದ ಪಕ್ಕ ಒಂದು ಬುಟ್ಟಿ ಮಗುಚಿ ನೆಲದ ತುಂಬ ಗುಂಡಿ ಚೆಲ್ಲಿತ್ತು. ಮೇಸ್ತ್ರಿ ಬಂದು ನೋಡಿ ಸಿಡಿಮಿಡಿಗೊಂಡ.

"ಅವರು ಬರೋ ಹೊತ್ತಿಗೆ ಒಂದು ಗುಂಡೀನೂ ಕಾಣಬಾರದು. ಏ ಗುಬ್ಬಿ, ನೀನು ಸಣ್ಣಗಿದ್ದೀಯ, ಕೆಳಗೆ ನುಗ್ಗು."

"ದಂಡ ನಿಲ್ಲಿಸಿ ಮೇಸ್ತ್ರಿ" ಅಂದಳು ಅತ್ತೆ.

"ಯಂತ್ರ ಓಡೋದನ್ನ ನೋಡೋಕೆ ಬರ್ತಿದ್ದಾರಮ್ಮ, ನಿಂತಿರೋದನ್ನಲ್ಲ. ನಿನ್ನ ಕೆಲಸ ನೀನು ನೋಡ್ಕೋ."

ಗುಬ್ಬಿ ಅತ್ತೆಯ ಕಡೆ ತಿರುಗಿ ಕಣ್ಣು ಮಿಟುಕಿಸಿ, ಓಡುತ್ತಿದ್ದ ಬೆಲ್ಟಿನ ಪಕ್ಕ ಬಗ್ಗಿದಳು. ಅತ್ತೆ ಈ ಕಥೆ ಹೇಳುವಾಗ ಇಲ್ಲಿಂದ ಮುಂದಕ್ಕೆ ಯಾವತ್ತೂ ವಿವರ ಹೇಳಿದವಳಲ್ಲ. "ಜಡೆ ಸಿಕ್ಕಿಹಾಕ್ಕೊಳ್ತು" ಅಂದು ನಿಲ್ಲಿಸುತ್ತಿದ್ದಳು. ದಂಡ ನಿಂತಾಗ ಇಡೀ ಕಾರ್ಖಾನೆಯಲ್ಲಿ ಪಿಟ್ ಅನ್ನುವ ಸದ್ದಿರಲಿಲ್ಲ. ಅಲ್ಲಿದ್ದ ಹೆಂಗಸರೆಲ್ಲ ನೋಡಿದ್ದರು. ಒಬ್ಬರೂ ಕಿರುಚಿರಲಿಲ್ಲ. ಕಿರುಚುವಷ್ಟು ಹೊತ್ತೇ ಸಿಗಲಿಲ್ಲವಂತೆ.

ಸಂಜೆ ಮನೆಗೆ ಬಿಡುವ ಮೊದಲು ಮಾಲೀಕರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡರು. ಒಳ್ಳೆಯ ಮಾತಿನ ಮನುಷ್ಯ. ಆ ಹೊತ್ತಲ್ಲೂ ದನಿ ಏರಿಸಲಿಲ್ಲ. "ಆ ಹುಡುಗಿಗೆ ಮೊದಲಿಂದ ತಲೆಸುತ್ತು ಇತ್ತು. ಮೆಟ್ಟಿಲಿಂದ ಬಿದ್ದಳು. ನಡೆದದ್ದು ಅಷ್ಟೇ. ಇದರ ಮೇಲೆ ಯಾರಾದ್ರೂ ಬಾಯಿ ಬಿಟ್ಟರೆ, ಅವರು ನಾಳೆಯಿಂದ ಈ ಗೇಟಿನ ಒಳಗೆ ಬರೋ ಹಾಗಿಲ್ಲ. ಅರ್ಥ ಆಯ್ತಾ?"

ಎಲ್ಲರೂ ತಲೆಯಾಡಿಸಿದರು. ಅತ್ತೆಯೂ ಆಡಿಸಿದಳು.

ಮಾರನೆಯ ದಿನ ಬೆಳಿಗ್ಗೆ ಗುಂಡಿ ಆರಿಸುವ ಬೆಂಚಿನಲ್ಲಿ ಒಬ್ಬಳು ನೀರು ಕೇಳಲು ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಕಟ್ಟಿದೆ ಅಂದುಕೊಂಡು ಕೆಮ್ಮಿದಳು. ಕೆಮ್ಮಿಗೂ ಸದ್ದಿಲ್ಲ. ಪಕ್ಕದವಳು "ಏನಾಯ್ತೇ" ಅನ್ನಲು ಹೊರಟರೆ ಅವಳದೂ ಅದೇ ಕಥೆ. ಊಟದ ಹೊತ್ತಿಗೆ ಬೆಂಚು ಪೂರ್ತಿ ಮೂಕವಾಗಿತ್ತು. ಸಂಜೆಯೊಳಗೆ, ಹಿಂದಿನ ದಿನ ಆ ಹಜಾರದಲ್ಲಿದ್ದ ಒಬ್ಬೊಬ್ಬ ಹೆಂಗಸಿನ ದನಿಯೂ ಹೋಗಿತ್ತು. ಜ್ವರ ಅಂತ ರಜೆ ಹಾಕಿದ್ದ ಇಬ್ಬರು ಅಕ್ಕತಂಗಿಯರು ಮಾತ್ರ ಎಂದಿನಂತೆ ಮಾತಾಡುತ್ತಿದ್ದರು. ಆಮೇಲೆ ಅವರೂ, ಹೆದರಿಕೆಯಿಂದ, ಕೆಳದನಿಯಲ್ಲಿ ಮಾತಾಡತೊಡಗಿದರು.

ಮೊದಮೊದಲು ಊರಿಗೆ ಇದು ತಮಾಷೆ. ಗಂಡಂದಿರು ಟೀ ಅಂಗಡಿಯಲ್ಲಿ ಕೂತು, "ಇಷ್ಟು ದಿನಕ್ಕೆ ಮನೇಲಿ ನೆಮ್ಮದಿಯಾಗಿ ಒಂದು ತುತ್ತು ತಿಂದೆ ಮಾರಾಯ" ಅಂತ ತೊಡೆ ತಟ್ಟಿಕೊಂಡು ನಕ್ಕರು. ಕಾರ್ಖಾನೆಯ ಡಾಕ್ಟರು ಬಂದು ನಾಲಿಗೆ ಒತ್ತಿ, ಗಂಟಲಿಗೆ ಕನ್ನಡಿ ಬಿಟ್ಟು ನೋಡಿ, ಏನೂ ಇಲ್ಲ ಅಂದರು. ನಿಜವೋ ನಟನೆಯೋ ನೋಡಲು ಅತ್ತೆಯ ಅಂಗೈಗೆ ಸೂಜಿ ಚುಚ್ಚಿದರು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ "ಆ" ಕೂಡ ಬರಲಿಲ್ಲ. ಪತ್ರಿಕೆಯವರು 'ಹೆಂಗಸರ ಹೊಸ ಬಗೆಯ ಮುಷ್ಕರ' ಅಂತ ಬರೆದರು.

ನಗು ನಿಂತದ್ದು ಸಂಜೆಗಳಲ್ಲಿ. ಕೆಲಸ ಬಿಟ್ಟ ಮೇಲೆ ಅವರೆಲ್ಲ ಒಟ್ಟಿಗೆ ನಡೆದುಕೊಂಡು ಬರುತ್ತಿದ್ದರು, ಮೈ ತುಂಬ ಬಿಳಿ ಪುಡಿ. ಮೊದಲೆಲ್ಲ ಆ ಗುಂಪು ಬರುವುದು ಮೂರು ಬೀದಿ ಆಚೆಗೇ ಕೇಳುತ್ತಿತ್ತು. ಈಗ ಚಪ್ಪಲಿಯ ಸದ್ದು ಮಾತ್ರ. ಅವರು ಹಾದುಹೋಗುವಾಗ ಆಟವಾಡುವ ಮಕ್ಕಳು ತಾವಾಗಿ ಸುಮ್ಮನಾಗುತ್ತಿದ್ದವು. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಒಳಗೆ ಸರಿಯುತ್ತಿದ್ದರು. ಮೇಸ್ತ್ರಿಯ ಮನೆಯ ಮುಂದೆ ಅವರು ನಿಲ್ಲುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. ಆದರೂ ಆತ ಕಿಟಕಿಗೆ ಹಲಗೆ ಹೊಡೆಸಿದ. ಮನೆಗಳಲ್ಲೂ ಹಾಗೇ ಆಯಿತು. ನೆಮ್ಮದಿ ಅಂದಿದ್ದ ಗಂಡಂದಿರು, "ಏನಾದ್ರೂ ಬೈಯೇ, ಪುಣ್ಯಾತ್ಗಿತ್ತಿ, ಒಂದು ಸಲ ಬೈದುಬಿಡು" ಅಂತ ಗೋಗರೆಯತೊಡಗಿದರು.

ಕೊನೆಗೆ ಕಾರ್ಖಾನೆಯವರು ಅವರನ್ನೆಲ್ಲ ಕೆಲಸದಿಂದ ತೆಗೆದು ಬೇರೆ ಊರಿನಿಂದ ಹೆಂಗಸರನ್ನು ಕರೆಸಿದರು. ಗುಂಪಾಗಿ ನಡೆಯಬಾರದು ಅಂತ ಪೊಲೀಸರು ಹೇಳಿಹೋದರು. ಆಮೇಲೆ, ಒಬ್ಬೊಬ್ಬಳಿಗೆ ಒಂದೊಂದು ಕಾಲಕ್ಕೆ, ಮಾತು ಮರಳಿತಂತೆ. ನಡೆದದ್ದೇನು ಅಂತ ಆಗ ಯಾರೂ ಹೇಳಲಿಲ್ಲ. ಕೇಳಿದವರೂ ಇರಲಿಲ್ಲ.

ಅತ್ತೆಗೆ ಮಾತು ಬಂದದ್ದು ಮನೆಯ ಅಡುಗೆ ಕೋಣೆಯಲ್ಲಿ. ತಮ್ಮ, ಅಂದರೆ ನನ್ನಪ್ಪ, ಒಲೆಯ ಮೇಲಿನ ಬಿಸಿನೀರಿನ ಪಾತ್ರೆಗೆ ಕೈ ಚಾಚಿದ್ದನ್ನು ಕಂಡು, "ಸರಿಯೋ ಆ ಕಡೆ! ಸುಡುತ್ತೆ!" ಅಂತ ಕೂಗಿದಳು. ಅಜ್ಜಿ ಹೊರಗಿನಿಂದ ಓಡಿಬಂದರು. ಮಗಳಿಗೆ ಮಾತು ಬಂತು ಅನ್ನುವ ಸಂತೋಷಕ್ಕಲ್ಲ. "ಯಾರೇ ಅದು ಒಳಗೆ? ಯಾರು ಬಂದಿದ್ದಾರೆ?" ಅಂತ ಕೇಳುತ್ತ ಬಂದರು. ಅಡುಗೆ ಕೋಣೆಯಲ್ಲಿ ಮಗಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಸುದ್ದಿ ಗುಬ್ಬಿಯ ತಾಯಿಗೆ, ಆ ಇಸ್ತ್ರಿಯ ಹೆಂಗಸಿಗೆ, ತಲುಪಲು ಹೆಚ್ಚು ದಿನ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಅವಳು ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಇಸ್ತ್ರಿಯ ಸುಟ್ಟ ಕಲೆಗಳು. ಕಣ್ಣು ಒಣಗಿದ್ದವು. ಒಳಗೆ ಬಾ ಅಂದರೆ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಬೀದಿಯ ಕಡೆ ಮುಖ ಮಾಡಿದಳು.

"ನಾನು ನಿನ್ನ ಮುಖ ನೋಡಲ್ಲ. ನೀನು ಮಾತಾಡು."

ಅತ್ತೆ ಬಾಗಿಲ ಹಿಂದೆ ಸರಿದಳು.

"ಮೆಟ್ಟಿಲಿಂದ ಬಿದ್ದಳು ಅಂದ್ರು. ತಲೆ ಮುಚ್ಚಿ ಕೊಟ್ರು. ನೋಡಬೇಡ ಅಂದ್ರು. ನೀನು ಅಲ್ಲೇ ಇದ್ದೆಯಲ್ಲ, ಏನಾಯ್ತು ಹೇಳು."

ಅತ್ತೆ ಹೇಳಿದಳು. ಬುಟ್ಟಿ ಮಗುಚಿದ್ದು, ದೊಡ್ಡ ಮನುಷ್ಯರು ಬರುವವರಿದ್ದದ್ದು, ಮೇಸ್ತ್ರಿ ದಂಡ ನಿಲ್ಲಿಸದೆ ಕೆಳಗೆ ನುಗ್ಗು ಅಂದದ್ದು. ಮಗಳು ಸತ್ತದ್ದು ಹೇಗೆ ಅನ್ನುವುದನ್ನು ಆ ತಾಯಿ ಮಗಳ ದನಿಯಲ್ಲೇ ಕೇಳಿದಳು. ಸಿಳ್ಳೆ ಸಮೇತ. ನಡುವೆ ಒಮ್ಮೆಯೂ ತಿರುಗಲಿಲ್ಲ. ಅಜ್ಜಿ ಒಳಗೆ ಗೋಡೆ ಹಿಡಿದು ನಿಂತಿದ್ದರು.

ಎಲ್ಲ ಮುಗಿದ ಮೇಲೆ ಅವಳು ಕೇಳಿದಳು. "ನೋವಾಯ್ತಾ?"

"ಇಲ್ಲಮ್ಮ."

ಅತ್ತೆ ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು: "ನನಗೆ ಗೊತ್ತಿಲ್ಲ ಅಂತ ಹೇಳೋಣ ಅಂತಿದ್ದೆ ಕಣೇ. ನಿಜವಾಗ್ಲೂ ಹಾಗೇ ಹೇಳೋಣ ಅಂತ ಬಾಯಿ ತೆರೆದೆ. ಬಂದದ್ದು ಅದು. ನಾನಂತೂ ಆ ಹೆಂಗಸನ್ನ ಅದಕ್ಕೆ ಮೊದಲು 'ಅಮ್ಮ' ಅಂದವಳೇ ಅಲ್ಲ."

ಇಸ್ತ್ರಿಯ ಹೆಂಗಸು ಎದ್ದು, ಹಿಂದಕ್ಕೆ ನೋಡದೆ, ಹೊರಟುಹೋದಳು. ಆಮೇಲೆ ವಾರಕ್ಕೊಮ್ಮೆ ಬರತೊಡಗಿದಳು. ಅದೇ ಹೊಸ್ತಿಲು, ಬೀದಿಯ ಕಡೆ ಮುಖ. ಅತ್ತೆ ಒಳಗೆ ಕೆಲಸ ಮಾಡುತ್ತ ಬಾಯಿಗೆ ಬಂದದ್ದು ಮಾತಾಡುವಳು. ಇವತ್ತು ಬಿಸಿಲು ಜೋರು, ಹಾಲು ಒಡೆದುಹೋಯ್ತು, ತಮ್ಮ ಮಣ್ಣು ತಿಂದ. ಅವಳು "ಹೂಂ" ಅನ್ನುತ್ತ ಕೇಳಿಕೊಂಡು ಹೋಗುವಳು.

ಅತ್ತೆ ಸುಮ್ಮನೆ ಕೂತವಳಲ್ಲ. ಪತ್ರಿಕೆಯ ಕಚೇರಿಗೆ ಹೋದಳು, ಕಾರ್ಮಿಕರ ಅಧಿಕಾರಿಯ ಹತ್ತಿರ ಹೋದಳು. ಅಧಿಕಾರಿ ಅವಳ ಮಾತನ್ನೆಲ್ಲ ಕೇಳಿಸಿಕೊಂಡು, "ಮಾತು ಹೋಗಿತ್ತು ಅಂತೀರಿ, ಈಗ ಇಷ್ಟು ಚೆನ್ನಾಗಿ ಮಾತಾಡ್ತೀರಿ. ಯಾವುದನ್ನ ನಂಬೋದು?" ಅಂದ. ಬೇರೆ ಹೆಂಗಸರ ಮನೆಗಳಿಗೂ ಹೋದಳು. ಅವರು ಬಾಗಿಲು ತೆರೆದು ಅವಳ ದನಿ ಕೇಳುತ್ತಿದ್ದಂತೆ ಬಿಳಿಚಿಕೊಂಡು ಬಾಗಿಲು ಹಾಕಿಕೊಂಡರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರೊಬ್ಬರು ಕಾರ್ಖಾನೆಯಲ್ಲಿ ಗುಬ್ಬಿಯನ್ನು ಬಲ್ಲವರು. ಅವರ ಮೂಲಕ ಮಾತು ಹರಡಿ ಮದುವೆಯ ವಿಷಯವೂ ಅಲ್ಲಿಗೇ ನಿಂತಿತು.

ಆ ದನಿಗೆ ಒಂದು ಕೆಲಸ ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ. ಬಸ್ಸುಗಳು ಹೊರಡುವುದನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸ. ಗಲಾಟೆಯ ನಡುವೆಯೂ ಕಿವಿಗೆ ತಲುಪುವ ದನಿ ಬೇಕು ಅಂತ ನಿಲ್ದಾಣದ ವ್ಯವಸ್ಥಾಪಕರಿಗೆ ಇವಳೇ ಸರಿಹೋದಳು. ಅಲ್ಲಿಂದ ನಿವೃತ್ತಿಯ ತನಕ ಅವಳು ಎಲ್ಲರ ಬಾಯಲ್ಲಿ ಮೈಕ್ ಅಕ್ಕ. ಗಾಜಿನ ಸಣ್ಣ ಕೋಣೆ, ಒಂದು ಸ್ಟೂಲು, ಒಂದು ಫ್ಯಾನು. ಇಸ್ತ್ರಿಯ ಹೆಂಗಸು ಹೊಸ್ತಿಲು ಬಿಟ್ಟು ನಿಲ್ದಾಣದ ಬೆಂಚಿಗೆ ಬಂದಳು. ಇಸ್ತ್ರಿ ಕೆಲಸ ಮುಗಿಸಿ ಬಂದು, ಧ್ವನಿವರ್ಧಕದ ಕೆಳಗೆ ಕೂತು, ಯಾವ ಬಸ್ಸನ್ನೂ ಹತ್ತದೆ, ಕೇಳಿಕೊಂಡು ಹೋಗುವಳು. ಸಾಯುವ ತನಕ ಬಂದಳು. ಸತ್ತ ಹುಡುಗಿಯೊಬ್ಬಳು ದಿನವಿಡೀ ಊರಿನ ಜನರಿಗೆ ಅವರವರ ಬಸ್ಸು ತೋರಿಸುತ್ತಿದ್ದಾಳೆ ಅಂತ ಅಲ್ಲಿ ಮತ್ಯಾರಿಗೂ ಗೊತ್ತಿರಲಿಲ್ಲ.

ಮೇಸ್ತ್ರಿಗೆ ಗೊತ್ತಾಯಿತು. ಕಾರ್ಖಾನೆ ಬಿಟ್ಟು ಬೇರೆ ಊರು ಸೇರಿದ್ದ ಆತ ಯಾವುದೋ ಕೆಲಸಕ್ಕೆ ಬಂದು ಬಸ್ಸಿಗೆ ಕಾಯುತ್ತಿದ್ದ. ಅತ್ತೆ ಗಾಜಿನೊಳಗಿಂದ ನೋಡಿದಳು. ಆತ ಕೂತಲ್ಲೇ ತಲೆ ಎತ್ತಿ ಧ್ವನಿವರ್ಧಕ ನೋಡಿದ. ಇನ್ನೊಂದು ಬಸ್ಸಿನ ಹೆಸರು ಹೇಳುವಾಗ ಎದ್ದು ನಿಂತ. ಕಿಟಕಿಯ ಹತ್ತಿರ ಬಂದು, ಒಳಗೆ ಇಣುಕಿ, "ಯಾರು... ಯಾರು ಮಾತಾಡ್ತಿರೋದು?" ಅಂದ.

ಅತ್ತೆ ಮೈಕು ಆರಿಸಲಿಲ್ಲ. "ಯಾವ ಊರಿಗೆ ಹೋಗ್ಬೇಕು, ಮೇಸ್ತ್ರಿ?" ಅಂದಳು. ಇಡೀ ನಿಲ್ದಾಣಕ್ಕೆ ಕೇಳಿಸಿತು.

ಆತ ಬ್ಯಾಗು ಬೆಂಚಿನ ಮೇಲೇ ಬಿಟ್ಟು ನಡೆದುಹೋದ. ಬ್ಯಾಗು ಕೇಳಿಕೊಂಡು ಯಾರೂ ಬರಲಿಲ್ಲ.

ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಪಾಳುಬಿದ್ದ ಕಟ್ಟಡವನ್ನು ಯಾರೋ ಕೊಂಡು, ಕೆಂಪಿಟ್ಟಿಗೆಯ ಗೋಡೆಗಳನ್ನು ಹಾಗೇ ಉಳಿಸಿ, ಮೇಲೆ ಮನೆಗಳು, ಕೆಳಗೆ ಅಂಗಡಿಗಳನ್ನು ಮಾಡಿದರು. ಅದರಲ್ಲೊಂದು ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕಿತು. ಆಗಲೇ ನಾನು ಪ್ರವಾಸಿಗರ ಆ ನಡಿಗೆಯನ್ನು ನೋಡಿದ್ದು. ಶನಿವಾರ ಸಂಜೆ ಕರಿ ಕೋಟು ಹಾಕಿದ ಯುವಕನೊಬ್ಬ ಕಂದೀಲು ಹಿಡಿದು ಹದಿನೈದು ಇಪ್ಪತ್ತು ಜನರನ್ನು ಕರೆದುಕೊಂಡು ಬರುತ್ತಿದ್ದ. 'ಮೂಕ ದೆವ್ವದ ನಡಿಗೆ' ಅಂತ ಅದರ ಹೆಸರು. ಟಿಕೆಟ್ ಇಟ್ಟಿದ್ದ. ಅಂಗಡಿಯ ಮುಂದೆಯೇ ನಿಂತು ಕಥೆ ಹೇಳುವನು: ಒಬ್ಬ ಚೆಲುವೆ ಮಾಲೀಕನ ಮಗನನ್ನು ಪ್ರೀತಿಸಿದಳು, ಅವನು ಕೈಕೊಟ್ಟ, ಅವಳು ನಾಲಿಗೆ ಕಚ್ಚಿಕೊಂಡು ನದಿಗೆ ಹಾರಿದಳು, ಅವಳ ದೆವ್ವ ಬಂದು ಕಾರ್ಖಾನೆಯ ಹೆಂಗಸರೆಲ್ಲರ ದನಿ ಕದ್ದೊಯ್ದಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳು ತುಂಬ ಹೊತ್ತು ನಕ್ಕಳು. "ಮಾಲೀಕರ ಮಗನಾ? ಆಗ ಅವನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲವಲ್ಲೇ!" ಆಮೇಲೆ ನಗು ನಿಲ್ಲಿಸಿ, "ಅಂದ್ರೆ ನಡೆದದ್ದು ಪೂರ್ತಿ ಮರೆತಿಲ್ಲ ಇವರು. ಮಾತು ಹೋಗಿದ್ದು ನೆನಪಿದೆ. ಯಾಕೆ ಹೋಯ್ತು ಅನ್ನೋದು ಮಾತ್ರ ಇಲ್ಲ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ನನ್ನನ್ನೂ ಕರ್ಕೊಂಡು ಹೋಗು. ನಮ್ಮ ದೆವ್ವ ಹೇಗಿದೆ ನೋಡ್ಕೊಂಡು ಬರೋಣ" ಅಂದಳು.

ಮುಂದಿನ ಶನಿವಾರ ಹೋದೆವು. ಯಂತ್ರಗಳಿದ್ದ ಹಜಾರದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಸೂರಿನ ಕೆಳಗಿನ ಆ ದಂಡವನ್ನು ಅಂದಕ್ಕೆಂದು ಉಳಿಸಿಕೊಂಡು ಕಪ್ಪು ಬಣ್ಣ ಹೊಡೆದಿದ್ದರು. ಕಂದೀಲಿನ ಯುವಕ ದೀಪ ತಗ್ಗಿಸಿ, "ಯಾರೂ ಮಾತಾಡಬೇಡಿ. ಮಾತಾಡಿದರೆ ಅವಳು ನಿಮ್ಮ ದನಿ ಕಸಿದುಕೊಳ್ತಾಳೆ" ಅಂದ. ಎರಡು ಕಾರುಗಳ ನಡುವಿಂದ ಬಿಳಿ ಬಟ್ಟೆಯ ಹುಡುಗಿಯೊಬ್ಬಳು ಎದ್ದು ಬಂದಳು. ಬಾಯಿಗೆ ಬಿಗಿದ ಪಟ್ಟಿ, ಮುಖದ ತುಂಬ ಬಿಳಿ ಪುಡಿ. ಜನ ಕಿರುಚಿ, ನಕ್ಕು, ಮೊಬೈಲು ಎತ್ತಿ ಹಿಡಿದರು.

ಅತ್ತೆ ಅವಳನ್ನು ನೋಡಲಿಲ್ಲ. ನನ್ನ ಕೈ ಬಿಡಿಸಿಕೊಂಡು, ಅಲ್ಲಿ ಬಿದ್ದಿದ್ದ ಎಣ್ಣೆಯ ಕಲೆಗಳನ್ನು ದಾಟಿಕೊಂಡು, ಒಂದು ಕಂಬದ ಹತ್ತಿರ ಹೋಗಿ ನಿಂತು ಮೇಲೆ ನೋಡಿದಳು.

ಆಗ ಆ ದನಿ ಬಂತು.

"ನದಿಗೆ ಯಾರೂ ಹಾರಲಿಲ್ಲ. ಬುಟ್ಟಿ ಮಗುಚಿತ್ತು. ದಂಡ ನಿಲ್ಲಿಸಿ ಅಂದ್ರೆ ಮೇಸ್ತ್ರಿ ನಿಲ್ಲಿಸಲಿಲ್ಲ. ನಾನು ಬಗ್ಗಿ ಗುಂಡಿ ಆರಿಸ್ತಿದ್ದೆ. ಇನ್ನು ಸ್ವಲ್ಪ ಇದೆ, ಅಷ್ಟಾದ್ರೆ ಸಾಕು, ಎದ್ದುಬಿಡ್ತೀನಿ ಅಂದುಕೊಂಡೆ. ಜಡೆ ಸಿಕ್ಕಿಹಾಕ್ಕೊಳ್ತು."

ಹತ್ತಿರದಲ್ಲೇ ಇದ್ದ ನನಗೂ ಅದು ಅತ್ತೆಯ ಬಾಯಿಂದ ಬರುತ್ತಿದೆ ಅನ್ನಿಸಲಿಲ್ಲ. ತಗ್ಗು ಸೂರಿಗೆ ಬಡಿದು ಎಲ್ಲ ಕಡೆಯಿಂದಲೂ ಬರುತ್ತಿತ್ತು. ಸಿಳ್ಳೆ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ಜನ ಮುದುಕಿಯನ್ನು ಬಿಟ್ಟು, ಮಾತಾಡುವ ಹುಡುಗಿಯನ್ನು ಸುತ್ತಲೂ ಹುಡುಕಿದರು. ಮಾತು ನಿಂತಿತು.

ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

"ಸೂಪರ್ ಗುರು! ಸ್ಪೀಕರ್ ಎಲ್ಲಿಟ್ಟಿದ್ದೀರಾ?" ಅಂತ ಒಬ್ಬ ಕೇಳಿದ. ಕಂದೀಲಿನ ಯುವಕ ಏನೂ ಗೊತ್ತಾಗದೆ ನಗುತ್ತ ನಿಂತಿದ್ದ. ಬಿಳಿ ಬಟ್ಟೆಯ ಹುಡುಗಿ ಮಾತ್ರ ಅತ್ತೆಯನ್ನೇ ನೋಡುತ್ತಿದ್ದಳು.

ಮನೆಗೆ ಬರುವಾಗ ಅತ್ತೆ ಕೇಳಿದಳು. "ಸರಿಯಾಗಿ ಹೇಳಿದೆನಾ? ಅವಳು ಬಗ್ಗಿದಳು, ಅವಳ ಜಡೆ ಸಿಕ್ಕಿಹಾಕ್ಕೊಳ್ತು ಅಂತ ಹೇಳಿದೆನಲ್ಲ, ಎಲ್ಲರಿಗೂ ಅರ್ಥ ಆಗಿರುತ್ತೆ ಅಲ್ವಾ?"

"ಅರ್ಥ ಆಗಿರುತ್ತೆ" ಅಂದೆ. 'ಅವಳು' ಅಂತ ನೀನು ಒಮ್ಮೆಯೂ ಹೇಳಲಿಲ್ಲ ಅತ್ತೆ ಅನ್ನಲು ನನಗೆ ಬಾಯಿ ಬರಲಿಲ್ಲ.

ದೆವ್ವದ ಹುಡುಗಿ ಸೋಮವಾರ ಅಂಗಡಿಗೆ ಬಂದಳು. ಮುಖ ತೊಳೆದುಕೊಂಡರೆ ಸಾಧಾರಣ ಹುಡುಗಿ, ನಾಟಕ ಕಲಿಯುತ್ತಿದ್ದವಳು. "ಆ ಅಜ್ಜಿ ನಿಮ್ಮ ಮನೆಯವರಾ? ಅವರ ತುಟಿ ಅಲ್ಲಾಡಿದ್ದನ್ನ ನಾನು ನೋಡಿದೆ" ಅಂದಳು. ಅವಳನ್ನು ಮನೆಗೆ ಕರೆದುಕೊಂಡು ಹೋದೆ. ಅತ್ತೆ ಇಡೀ ಕಥೆ ಹೇಳಿದಳು. ಹುಡುಗಿ ಟೀ ಆರಿಹೋಗುವ ತನಕ ಲೋಟ ಮುಟ್ಟಲಿಲ್ಲ. ಅವಳ ಒತ್ತಾಯಕ್ಕೆ ಕಂದೀಲಿನ ಯುವಕನೂ ಬಂದು ಕೇಳಿಕೊಂಡ. ಒಳ್ಳೆಯ ಹುಡುಗನೇ. ಮುಂದಿನ ವಾರದಿಂದ ನಾಲಿಗೆ ಕಚ್ಚಿಕೊಂಡ ಚೆಲುವೆಯನ್ನು ಬಿಟ್ಟು ಗುಬ್ಬಿಯ ಕಥೆ ಹೇಳಿದ.

ಎರಡೇ ವಾರದಲ್ಲಿ ಮೇಲಿನ ಮನೆಗಳ ಸಂಘದವರು ಅವನನ್ನು ಕರೆಸಿದರು. ನಾನು ಅಂಗಡಿಯ ಕಡೆಯಿಂದ ಆ ಸಭೆಯಲ್ಲಿದ್ದೆ. ಅಧ್ಯಕ್ಷರು ಬಲು ಮರ್ಯಾದೆಯಿಂದ ಹೇಳಿದರು: "ನೋಡಿ, ದೆವ್ವ ಇದ್ರೆ ನಮ್ಮದೇನೂ ತಕರಾರಿಲ್ಲ. ಜನ ಬರ್ತಾರೆ, ಮಕ್ಕಳಿಗೂ ಮೋಜು. ಆದ್ರೆ ನಾವು ಕಾರು ನಿಲ್ಲಿಸೋ ಜಾಗದಲ್ಲಿ ಒಂದು ಹುಡುಗಿ ನಿಜವಾಗ್ಲೂ ಸತ್ತಳು ಅಂದ್ರೆ ಹೇಗೆ? ಅಲ್ಲಿ ಇಳಿಯೋಕೆ ನನ್ನ ಹೆಂಡತಿ ಈಗಲೇ ಹಿಂದೆಮುಂದೆ ನೋಡ್ತಾಳೆ." ಹಳೆಯ ಕಥೆಯನ್ನೇ ಹೇಳಿ, ಇಲ್ಲವೇ ಒಳಗೆ ಬರಬೇಡಿ ಅಂದರು. ಅವನು ಒಳಗೆ ಹೋಗುವುದನ್ನು ಬಿಟ್ಟ. ನಡಿಗೆ ಈಗ ಹೊರಗೆ, ನದಿ ಬದಿಯ ರಸ್ತೆಯಲ್ಲಿ, ಗೋಡೆಯ ಪಕ್ಕ ನಿಲ್ಲುತ್ತದೆ. ಬರುವವರು ಕಡಿಮೆಯಾದರು.

ಆ ನಡುವೆಯೇ ಅತ್ತೆಯ ದನಿ ಹೋಯಿತು. ಒಂದು ಬೆಳಿಗ್ಗೆ ಎದ್ದವಳು ನನ್ನ ಮಂಚದ ಹತ್ತಿರ ಬಂದು ಗಂಟಲು ತೋರಿಸಿದಳು. ಕಣ್ಣಲ್ಲಿ ಹೆದರಿಕೆ ತುಂಬಿತ್ತು. ನೆಗಡಿಯಿರಬೇಕು ಅಂದೆ. ಡಾಕ್ಟರೂ ಹಾಗೇ ಅಂದರು. ವಾರ ಕಳೆದು ಮಾತು ಬಂದಾಗ ಅದು ಒರಟು ದನಿ. ಒಡೆದ, ತಗ್ಗಿದ, ಮುದುಕಿಯ ದನಿ. ಅದರಲ್ಲಿ ಸಿಳ್ಳೆ ಇರಲಿಲ್ಲ. "ಸರಿ, ಸುಮ್ಮನೆ, ಸಂಜೆ" ಅಂತ ಅತ್ತೆ ಒಂದೊಂದೇ ಪದ ಹೇಳಿ ನೋಡಿಕೊಂಡಳು. ಆಮೇಲೆ ಹಾಸಿಗೆಯ ಮೇಲೆ ಕೂತು, "ಹೋದ್ಲು ಕಣೇ" ಅಂದಳು. ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ ಎರಡು ದಿನ ಊಟ ಮಾಡಲಿಲ್ಲ.

ಅಪ್ಪ ಆ ದನಿಯನ್ನು ಮೊದಲು ಕೇಳಿದ್ದು ಪಕ್ಕದ ಕೋಣೆಯಿಂದ. ಪತ್ರಿಕೆ ಓದುತ್ತಿದ್ದವರು ಹಾಗೇ ಕೆಳಗಿಟ್ಟು ಎದ್ದು ಬಂದರು. "ಅಕ್ಕ, ನೀನಾ ಮಾತಾಡಿದ್ದು?" ಅಂದರು. "ಅಮ್ಮ ಕರೆದ ಹಾಗಾಯ್ತು" ಅಂತ ಅತ್ತುಬಿಟ್ಟರು. ಸತ್ತು ಎಷ್ಟೋ ವರ್ಷಗಳಾದ ನಮ್ಮ ಅಜ್ಜಿಯ ಹಾಗೇ ಇತ್ತಂತೆ ಅದು. ಅತ್ತೆಗೆ ತನ್ನ ಸ್ವಂತ ದನಿಯ ಗುರುತೇ ಇರಲಿಲ್ಲ. ತಮ್ಮ ಅತ್ತದ್ದನ್ನು ಕಂಡು ಅವಳು ಅದನ್ನು ಒಪ್ಪಿಕೊಂಡಳು ಅಂತ ಕಾಣುತ್ತದೆ.

ಈಗಲೂ ಅವಳು ಶನಿವಾರ ಸಂಜೆ ನದಿಯ ರಸ್ತೆಗೆ ಹೋಗುತ್ತಾಳೆ. ಮಡಚುವ ಕುರ್ಚಿ ನಾನು ಹೊತ್ತುಕೊಂಡು ಹೋಗುತ್ತೇನೆ. ಅವಳ ಒರಟು ದನಿ ನಾಲ್ಕು ಹೆಜ್ಜೆ ಆಚೆಗೂ ಕೇಳಿಸುವುದಿಲ್ಲ. ನಾಟಕದ ಹುಡುಗಿ ಪಕ್ಕದಲ್ಲಿ ನಿಂತು, ಬಾಯಿಗೆ ಪಟ್ಟಿಯಿಲ್ಲದೆ, ಪುಡಿ ಬಳಿದುಕೊಳ್ಳದೆ, ಅತ್ತೆ ಹೇಳಿದ್ದನ್ನು ಒಂದೊಂದು ವಾಕ್ಯವಾಗಿ ಜೋರಾಗಿ ಹೇಳುತ್ತಾಳೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೆಲವರು ಮಧ್ಯದಲ್ಲೇ ಹೊರಟುಬಿಡುತ್ತಾರೆ.

ಹೋದ ತಿಂಗಳು ಕಥೆ ಮುಗಿದ ಮೇಲೂ ಒಬ್ಬ ಹೆಂಗಸು ಹೋಗದೆ ನಿಂತಿದ್ದಳು. ನನ್ನದೇ ವಯಸ್ಸು, ತೋಳಲ್ಲಿ ತರಕಾರಿ ಚೀಲ.

"ಅಜ್ಜಿ, ಎಲ್ಲರಿಗೂ ಮಾತು ವಾಪಸ್ ಬಂತಾ?" ಅಂತ ಕೇಳಿದಳು. "ನಮ್ಮಜ್ಜಿ ಇಲ್ಲೇ ಕೆಲಸ ಮಾಡ್ತಿದ್ರಂತೆ. ಸಾಯೋ ತನಕ ಒಂದು ಮಾತೂ ಆಡಲಿಲ್ಲ. ಹುಟ್ಟು ಮೂಗಿ ಅಂತಾನೇ ನಾವೆಲ್ಲ ಅಂದುಕೊಂಡಿದ್ವಿ."

ಅತ್ತೆ ಅವಳನ್ನು ಹತ್ತಿರ ಕರೆದು ಅಜ್ಜಿ ಹೇಗಿದ್ದರು, ಮನೆ ಎಲ್ಲಿತ್ತು ಅಂತ ವಿಚಾರಿಸಿದಳು. ಎತ್ತರದ ಆಳು, ಎಡಗೆನ್ನೆಯ ಮೇಲೆ ಮಚ್ಚೆ ಅಂದಳು ಆಕೆ.

"ಮೂಗಿ ಅಲ್ಲಮ್ಮ" ಅಂದಳು ಅತ್ತೆ. "ಕೊರೆಯೋ ಯಂತ್ರದ ಹತ್ರ ಇರ್ತಿದ್ದಳು. ಅಷ್ಟು ಗಲಾಟೇಲೂ ಅವಳ ಹಾಡು ನಮ್ಮ ಬೆಂಚಿನ ತನಕ ಕೇಳ್ತಿತ್ತು."

"ಹಾಡ್ತಿದ್ರಾ?" ಆಕೆ ಚೀಲ ಕೆಳಗಿಟ್ಟಳು. "ಯಾವ ಹಾಡು ಅಜ್ಜಿ?"

ಅತ್ತೆ ಕಣ್ಣು ಮುಚ್ಚಿ ತುಂಬ ಹೊತ್ತು ಯೋಚಿಸಿದಳು. ನದಿಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ಹಾಡು ನೆನಪಿಗೆ ಬರ್ತಿಲ್ಲ ಮಗಳೇ. ಅವಳು ಹಾಡ್ತಿದ್ರೆ ನಮ್ಮ ಕೈ ಬೇಗ ಬೇಗ ಓಡ್ತಿತ್ತು. ಅದು ನೆನಪಿದೆ."

ಆಕೆ ಫುಟ್‌ಪಾತಿನ ಅಂಚಿನಲ್ಲಿ, ಅತ್ತೆಯ ಕುರ್ಚಿಯ ಪಕ್ಕ ಕೂತಳು. "ಇನ್ನೇನು ನೆನಪಿದೆ ಹೇಳಿ" ಅಂದಳು. ಅತ್ತೆ ಹೇಳತೊಡಗಿದಳು.